ವಚನದ ಪುಟ ಹೇಗಿರಬೇಕು?

ಅಂಕಣ: ಗಣಕ ಕಾಯಕ



ನಮ್ಮ ಮನೆತನಗಳಲ್ಲಿ ಪುಸ್ತಕವೆಂಬುದು ಅಂಗಡಿಯಿಂದ ಕೊಂಡು ತರುವ ಸರಕು ಮಾತ್ರವಲ್ಲ. ನಾವೇ ಮಾಡಿಸಿ ಹತ್ತು ಜನರ ಕೈಗಿಡುವ ಕಾಣಿಕೆಯೂ ಹೌದು. ಅಗಲಿದ ಹಿರಿಯರ ನೆನಪಿಗೆ ಶಿವಗಣಾರಾಧನೆಯ ದಿನ ಒಂದು ವಚನ ಸಂಕಲನ, ಮದುವೆಗೆ ಬಂದ ಬೀಗರಿಗೆ ಒಂದು ಕಿರುಹೊತ್ತಿಗೆ, ಗೃಹಪ್ರವೇಶಕ್ಕೆ ಇಷ್ಟಲಿಂಗ ಪೂಜಾವಿಧಿಯ ಕೈಪಿಡಿ, ಬಸವ ಜಯಂತಿಗೆ ತರುಣ ಸಂಘದವರ ಸ್ಮರಣ ಸಂಚಿಕೆ – ಹೀಗೆ ವರ್ಷವೊಂದರಲ್ಲಿ ನಮ್ಮ ಸಮಾಜದ ಮನೆಮಠಗಳಿಂದ ಹೊರಬರುವ ಚಿಕ್ಕಪುಟ್ಟ ಮುದ್ರಣಗಳಿಗೆ ಲೆಕ್ಕವಿಲ್ಲ. ಇವುಗಳಿಗೆ ಹಣ ಕೂಡಿಸುವಲ್ಲಿ, ಮುನ್ನುಡಿ ಬರೆಸುವಲ್ಲಿ, ರಕ್ಷಾಪುಟಕ್ಕೆ ಚಿತ್ರ ಆರಿಸುವಲ್ಲಿ ತೋರುವ ಆಸ್ಥೆಯನ್ನು ಒಳಪುಟದ ವಿಷಯದಲ್ಲಿ ನಾವು ತೋರುತ್ತಿಲ್ಲವೆಂಬುದು ಖೇದದ ಸಂಗತಿ. ಕಾರ್ಯಕ್ರಮಕ್ಕೆ ಎಂಟು ದಿನ ಉಳಿದಿರುವಾಗ ಬರಹವನ್ನು ಡಿ.ಟಿ.ಪಿ. ಅಂಗಡಿಗೆ ಒಪ್ಪಿಸಿ, “ಹೇಗಾದರೂ ಮಾಡಿ ನಲವತ್ತೆಂಟು ಪುಟದಲ್ಲಿ ಕೂರಿಸಿಬಿಡಿ” ಎಂದು ಹೇಳಿ ಬರುವುದೇ ವಾಡಿಕೆಯಾಗಿದೆ. ಅಲ್ಲಿನವರು ಹೇಳಿದಂತೆ ಕೂರಿಸುತ್ತಾರೆ. ಪರಿಣಾಮವಾಗಿ ವಚನದ ಕೊನೆಯ ಸಾಲು ಹಾಳೆ ಮಗುಚಿದ ಮೇಲೆ ಒಂಟಿಯಾಗಿ ಸಿಗುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಎಪ್ಪತ್ತು ದಾಟಿದ ಅಜ್ಜಿ ಕನ್ನಡಕವನ್ನು ಎರಡು ಸಲ ಒರೆಸಿಕೊಂಡು, ಪುಸ್ತಕವನ್ನು ಕಣ್ಣಿಗೊತ್ತಿ, ಓದದೆ ದೇವರ ಜಗುಲಿಯ ಮೇಲೆ ಇಟ್ಟುಬಿಡುತ್ತಾರೆ.

ಶರಣರು ಜನರ ಆಡುಮಾತಿನಲ್ಲಿ ನುಡಿದದ್ದು ಜನರು ತಿಳಿಯಲೆಂದು. ಅಂತಹ ನುಡಿಯನ್ನು ಓದಲಾಗದಂತೆ ಅಚ್ಚು ಮಾಡಿ ಪೂಜೆಗಿಡುವುದು ಅವರ ಉದ್ದೇಶಕ್ಕೇ ವಿರುದ್ಧವಾದುದು. ಆದುದರಿಂದ ಈ ತಿಂಗಳು ನಮ್ಮ ಅಂಕಣವನ್ನು ಗಣಕಯಂತ್ರದಲ್ಲಿ ಪುಟವಿನ್ಯಾಸ ಮಾಡುವ ವಿಷಯಕ್ಕೆ ಮೀಸಲಿಡಲಾಗಿದೆ. ಮನೆಯಲ್ಲಿ ಒಂದು ಗಣಕವಿದ್ದು, ಕನ್ನಡ ಬೆರಳಚ್ಚು ಬಲ್ಲ ಮಗನೋ ಸೊಸೆಯೋ ಇದ್ದರೆ, ಹಣ ತೆರದೆ ದೊರೆಯುವ ತಂತ್ರಾಂಶಗಳಿಂದಲೇ ಅಚ್ಚುಕಟ್ಟಾದ ವಚನ ಪುಸ್ತಕವನ್ನು ಸಿದ್ಧಪಡಿಸಬಹುದು. ಅದಕ್ಕೆ ಬೇಕಾದುದು ಹೆಚ್ಚಿನ ಯಂತ್ರಜ್ಞಾನವಲ್ಲ. ಪುಟವು ಯಾರಿಗಾಗಿ, ಯಾವುದಕ್ಕಾಗಿ ಎಂಬ ವಿವೇಚನೆ.

ಓಲೆಯಿಂದ ಅಚ್ಚಿಗೆ

ವಚನಗಳು ನಮಗೆ ಮೊದಲು ದೊರೆತದ್ದು ತಾಳೆಯೋಲೆಗಳಲ್ಲಿ. ಓಲೆಯ ಅಗಲ ಕಿರಿದು, ಉದ್ದ ಹಿರಿದು. ಲಿಪಿಕಾರನು ಕಂಠದಿಂದ ಕೊರೆಯುತ್ತ ಎಡದಂಚಿನಿಂದ ಬಲದಂಚಿನವರೆಗೆ ಬಿಡುವಿಲ್ಲದೆ ಸಾಗುತ್ತಿದ್ದನು. ಪದಗಳ ನಡುವೆ ತೆರಪಿಲ್ಲ. ವಚನ ಮುಗಿದಲ್ಲಿ ಒಂದು ಗುರುತು, ಮತ್ತೆ ಮುಂದಿನ ವಚನ. ಇಂದು ನಾವು ಪುಸ್ತಕಗಳಲ್ಲಿ ಕಾಣುವ ಸಾಲುಗಳ ಒಡಕು ಓಲೆಯಲ್ಲಿ ಇರಲಿಲ್ಲ. ಅದು ಮುದ್ರಣ ಯುಗದ ಸಂಪಾದಕರು ಅರ್ಥವನ್ನೂ ಲಯವನ್ನೂ ವಿಚಾರಿಸಿ ಮಾಡಿದ ಏರ್ಪಾಡು. ಪುಟವಿನ್ಯಾಸವು ಕೇವಲ ಅಲಂಕಾರವಲ್ಲ, ಅದು ಅರ್ಥನಿರ್ಣಯದ ಒಂದು ಭಾಗ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಏರ್ಪಾಡಿನ ಹಿಂದೆ ಎಷ್ಟು ಶ್ರಮವಿತ್ತೆಂಬುದನ್ನು ಅರಿಯಬೇಕಾದರೆ ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರನ್ನು ನೆನೆಯಬೇಕು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ವಿಜಾಪುರದಲ್ಲಿ ವಕೀಲಿ ವೃತ್ತಿ ಮಾಡುತ್ತ, ಊರೂರು ತಿರುಗಿ ಓಲೆಯ ಕಟ್ಟುಗಳನ್ನು ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂದಿತು. ಪರರ ಮುದ್ರಣಾಲಯಗಳನ್ನು ನಂಬಿ ಈ ಕಾರ್ಯ ಸಾಗದೆಂದು ಕಂಡುಕೊಂಡು 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸುವ ಕಾಲವದು. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರಗಳ ಸಲುವಾಗಿ ನೂರಾರು ಬಗೆಯ ಮೊಳೆಗಳು ಬೇಕು. ಅಂತಹ ಕಾಲದಲ್ಲಿ ತಮ್ಮ ಗಳಿಕೆಯನ್ನೆಲ್ಲ ಅಚ್ಚಿನ ಮನೆಗೆ ಸುರಿದು ಆ ಮಹನೀಯರು ಉಳಿಸಿಕೊಟ್ಟ ಸಾಹಿತ್ಯವನ್ನು, ಗುಂಡಿಯೊತ್ತಿದರೆ ಅಕ್ಷರ ಮೂಡುವ ಈ ಕಾಲದಲ್ಲಿ ನಾವು ಅಲಕ್ಷ್ಯದಿಂದ ಅಚ್ಚು ಮಾಡುವುದು ಸಲ್ಲದು.

ಮುಂದೆ 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು ಹೊರತಂದಿತು. ಪರಿಷ್ಕೃತ ಪಾಠಕ್ಕೆ ಇಂದು ಮನೆಮಂದಿ ಮೊರೆಹೋಗಬೇಕಾದ ಆಕರ ಇದೇ. ಅದೇ ದಶಕದಲ್ಲಿ ಸೀಸದ ಮೊಳೆಗಳು ಮೂಲೆಗೆ ಸರಿದು, ಡಿ.ಟಿ.ಪಿ. ಎಂಬ ಮೂರಕ್ಷರ ಪೇಟೆ ಪೇಟೆಗಳ ಫಲಕಗಳಲ್ಲಿ ಕಾಣಿಸಿಕೊಂಡಿತು. ಆಲ್ಡಸ್ ಸಂಸ್ಥೆಯು 1985ರಲ್ಲಿ ಹೊರತಂದ ಪೇಜ್‌ಮೇಕರ್ ತಂತ್ರಾಂಶ ಈ ಬದಲಾವಣೆಯ ಮುಖ್ಯ ಸಾಧನ. 1994ರಲ್ಲಿ ಅದು ಅಡೋಬಿ ಸಂಸ್ಥೆಯ ವಶವಾಯಿತು; 2001ರ ಏಳನೆಯ ಆವೃತ್ತಿಯೇ ಅದರ ಕಡೆಯದು. ಅಡೋಬಿಯವರ ಇನ್‌ಡಿಸೈನ್ ಆ ಸ್ಥಾನಕ್ಕೆ ಬಂದಿತು.

ಎರಡು ಬಗೆಯ ಕೆಲಸ

ಗಣಕದಲ್ಲಿ ಪುಟ ಕಟ್ಟುವ ಸಾಧನಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದರಲ್ಲಿ ತೆರೆಯ ಮೇಲೆ ಬಿಳಿಯ ಹಾಳೆಯೊಂದು ಮೂಡುತ್ತದೆ. ಅದರಲ್ಲಿ ಚೌಕಟ್ಟುಗಳನ್ನು ಎಳೆದು, ಅವುಗಳೊಳಗೆ ಅಕ್ಷರವನ್ನೂ ಚಿತ್ರವನ್ನೂ ಕಣ್ಣಳತೆಗೆ ತಕ್ಕಂತೆ ಕೂರಿಸುತ್ತೇವೆ. ಇನ್‌ಡಿಸೈನ್, ಸ್ಕ್ರೈಬಸ್ ಇವು ಈ ಬಗೆಯವು. ಆಮಂತ್ರಣ ಪತ್ರಿಕೆ, ರಕ್ಷಾಪುಟ, ಭಾವಚಿತ್ರಗಳು ಹೆಚ್ಚಾಗಿರುವ ಸ್ಮರಣ ಸಂಚಿಕೆಗಳಿಗೆ ಇವು ಹೇಳಿ ಮಾಡಿಸಿದಂತಿವೆ.

ಎರಡನೆಯ ಬಗೆಯ ಸಾಧನವು ಒಬ್ಬ ಲೇಖಕನ ಅತೃಪ್ತಿಯಿಂದ ಹುಟ್ಟಿತು. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಡೊನಾಲ್ಡ್ ನೂತ್ ಅವರು 1977ರಲ್ಲಿ ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚನ್ನು ಕಂಡರು. ಹಳೆಯ ಮೊಳೆಯಚ್ಚಿನ ಅಂದ ಅದರಲ್ಲಿ ಇರಲಿಲ್ಲ. ಅವರು ದೂರುತ್ತ ಕೂರದೆ ತಾವೇ ಅಕ್ಷರ ಜೋಡಣೆಯ ತಂತ್ರಾಂಶವೊಂದನ್ನು ರಚಿಸಲು ತೊಡಗಿ, ಮರುವರ್ಷವೇ ಅದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಅದೇ ಟೆಕ್. ಬೇಗ ಮುಗಿದೀತೆಂದುಕೊಂಡ ಆ ಕಾರ್ಯವು ಅವರ ಬಾಳಿನ ಹತ್ತು ವರ್ಷಗಳನ್ನು ತೆಗೆದುಕೊಂಡಿತು. ಅದನ್ನು ಅವರು ಮಾರಲಿಲ್ಲ. ಯಾರು ಬೇಕಾದರೂ ಬಳಸಲೆಂದು ಲೋಕಕ್ಕೆ ಬಿಟ್ಟುಕೊಟ್ಟರು. ಕಾಯಕವನ್ನು ನಿಷ್ಠೆಯಿಂದ ಮಾಡಿ ಫಲವನ್ನು ದಾಸೋಹವಾಗಿ ಅರ್ಪಿಸಬೇಕೆಂದು ಕೇಳುತ್ತ ಬೆಳೆದ ನಮಗೆ ಈ ನಡೆ ಅಪರಿಚಿತವೆನಿಸದು.

1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಟೆಕ್‌ನ ಮೇಲೆ ಲೇಟೆಕ್ ಎಂಬ ಸುಲಭದ ಪದರವನ್ನು ಕಟ್ಟಿದರು. ಇದರಲ್ಲಿ ಲೇಖಕನು “ಈ ಸಾಲು ಹದಿನಾರು ಪಾಯಿಂಟಿನ ದಪ್ಪಕ್ಷರದಲ್ಲಿರಲಿ” ಎಂದು ಹೇಳುವುದಿಲ್ಲ. “ಇದು ಅಧ್ಯಾಯದ ಹೆಸರು” ಎಂದಷ್ಟೇ ಹೇಳುತ್ತಾನೆ. ಅಧ್ಯಾಯದ ಹೆಸರು ಹೇಗೆ ಕಾಣಬೇಕೆಂಬುದನ್ನು ಬೇರೊಂದು ಕಡೆ ಒಮ್ಮೆ ಬರೆದಿಟ್ಟಿರಲಾಗುತ್ತದೆ. ಈ ಸೂಚನೆಗಳನ್ನು ಕೈಯಿಂದ ಬರೆಯುವ ಶ್ರಮವನ್ನು ತಪ್ಪಿಸಲು 1995ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಅವರು ಲಿಕ್ಸ್ ಎಂಬ ತಂತ್ರಾಂಶವನ್ನು ಆರಂಭಿಸಿದರು. ನೋಡಲು ಸಾಮಾನ್ಯ ಬೆರಳಚ್ಚಿನ ಕಿಟಕಿಯಂತಿರುವ ಇದರ ಮೂಲೆಯಲ್ಲೊಂದು ಪಟ್ಟಿ ಇರುತ್ತದೆ. ಅದರಿಂದ ‘ಅಧ್ಯಾಯ’, ‘ಪದ್ಯ’, ‘ಉದ್ಧರಣೆ’ ಎಂಬಂಥ ಹೆಸರುಗಳನ್ನು ಆರಿಸಿದರೆ ಸಾಕು. ಲೇಟೆಕ್‌ನ ಸೂಚನೆಗಳು ಒಳಗೊಳಗೇ ಸಿದ್ಧವಾಗುತ್ತವೆ.

ಈ ಎರಡು ಬಗೆಗಳ ಅಂತರವನ್ನು ಮಗ್ಗದ ದೃಷ್ಟಾಂತದಿಂದ ತಿಳಿಯಬಹುದು. ಸಿದ್ಧ ಬಟ್ಟೆಯ ಮೇಲೆ ಒಂದೊಂದೇ ಹೂವನ್ನು ಕೈಯಿಂದ ಹೆಣೆಯುವುದು ಒಂದು ರೀತಿ. ಹಾಸನ್ನು ಮೊದಲೇ ಕ್ರಮದಿಂದ ಕಟ್ಟಿ, ಹೊಕ್ಕು ಓಡಿದಂತೆಲ್ಲ ಅಂಚೂ ಹೂವೂ ತಾವಾಗಿ ಮೂಡುವಂತೆ ನೇಯುವುದು ಇನ್ನೊಂದು ರೀತಿ. ಹತ್ತು ಪುಟದ ಕೆಲಸಕ್ಕೆ ಮೊದಲನೆಯದು ಸುಲಭ. ಐನೂರು ವಚನಗಳ ಸಂಕಲನಕ್ಕೆ ಎರಡನೆಯದೇ ಲೇಸು. ಹಾಸಿನಲ್ಲಿ ಒಂದು ಎಳೆ ಬದಲಿಸಿದರೆ ಇಡೀ ಸೀರೆ ಬದಲಾಗುವಂತೆ, ‘ವಚನ’ವೆಂಬ ಶೈಲಿಯನ್ನು ಒಂದೆಡೆ ತಿದ್ದಿದರೆ ಐನೂರು ವಚನಗಳೂ ಏಕಕಾಲದಲ್ಲಿ ತಿದ್ದಲ್ಪಡುತ್ತವೆ.

ವಚನದ ಪುಟ ಏನನ್ನು ಬೇಡುತ್ತದೆ?

ಸಾಧನ ಯಾವುದೇ ಇರಲಿ, ಅದನ್ನು ಮುಟ್ಟುವ ಮೊದಲು ಒಂದು ಕಾಗದ ಹಿಡಿದು ಪುಸ್ತಕದಲ್ಲಿ ಬರುವ ಅಂಗಗಳನ್ನು ಹೆಸರಿಸಿಕೊಳ್ಳಬೇಕು. ವಚನ ಸಂಕಲನದಲ್ಲಿ ಸಾಮಾನ್ಯವಾಗಿ ಇರುವವು ಇವು: ವಚನಕಾರರ ಹೆಸರು, ವಚನದ ಸಂಖ್ಯೆ, ವಚನದ ಪಾಠ, ಕಠಿಣ ಪದಗಳ ಅರ್ಥ, ಭಾವಾರ್ಥ, ಕೊನೆಗೆ ವಚನಗಳ ಅಕಾರಾದಿ. ಇಷ್ಟಕ್ಕೆ ಆರು ಶೈಲಿಗಳು ಸಾಕು. ಏಳನೆಯದನ್ನು ಸೇರಿಸುವ ಮೊದಲು ಎರಡು ಸಲ ವಿಚಾರಿಸಬೇಕು. ಪುಟಕ್ಕೆ ಐದು ಬಗೆಯ ಅಕ್ಷರ, ನಾಲ್ಕು ಬಗೆಯ ಬಣ್ಣ ತುಂಬುವುದು ಭಕ್ತಿಯ ಲಕ್ಷಣವಲ್ಲ.

ಈಗ ಒಂದೊಂದರ ಲಕ್ಷಣವನ್ನು ನೋಡೋಣ. ವಚನದ ಪಾಠವನ್ನು ಎರಡೂ ಅಂಚಿಗೆ ಸರಿಗಟ್ಟಬಾರದು. ಕನ್ನಡದಲ್ಲಿ ಸಂಧಿ ಸಮಾಸಗಳಿಂದ ಪದಗಳು ಉದ್ದವಾಗುತ್ತವೆ. ಒಂದು ಸಾಲಿನಲ್ಲಿ ಹಿಡಿಯುವುದು ನಾಲ್ಕೈದು ಪದ. ಅವನ್ನು ಬಲದಂಚಿಗೆ ಎಳೆದರೆ ನಡುವೆ ಕಾಲುವೆಯಂಥ ತೆರಪುಗಳು ಬಿದ್ದು, ನುಡಿಯ ಓಟ ಕುಂಟುತ್ತದೆ. ವಚನವು ಎಡಕ್ಕೆ ಒಂದೇ ಅಂಚಿನಲ್ಲಿ ನಿಂತು, ಬಲಕ್ಕೆ ತನ್ನ ಉದ್ದಕ್ಕೆ ತಕ್ಕಂತೆ ಬಿಟ್ಟುಕೊಳ್ಳಲಿ. ಸಾಲು ಉದ್ದವಾಗಿ ಕೆಳಗಿಳಿಯಬೇಕಾದಾಗ ಇಳಿದ ಭಾಗವು ತುಸು ಒಳಸರಿದು ನಿಲ್ಲಬೇಕು. ಆಗ ಇದು ಸಂಪಾದಕರು ಒಡೆದ ಸಾಲೋ, ಜಾಗ ಸಾಲದೆ ಮುರಿದ ಸಾಲೋ ಎಂಬುದು ಓದುವವರಿಗೆ ತಾನಾಗಿ ತಿಳಿಯುತ್ತದೆ. ಸಾಮೂಹಿಕ ವಚನ ಪಠಣದಲ್ಲಿ ಎಲ್ಲರೂ ಒಂದೇ ಕಡೆ ಉಸಿರು ನಿಲ್ಲಿಸಬೇಕಾದರೆ ಈ ಭೇದ ಅತ್ಯಗತ್ಯ.

ಎರಡನೆಯದಾಗಿ, ಅಂಕಿತ. ಇಂದಿನ ಅನೇಕ ಪುಸ್ತಕಗಳಲ್ಲಿ ಅಂಕಿತವನ್ನು ಪತ್ರದ ಕೆಳಗಿನ ರುಜುವಿನಂತೆ ಬಲಮೂಲೆಗೆ ತಳ್ಳಿ, ದಪ್ಪಕ್ಷರದಲ್ಲಿ ಅಚ್ಚು ಮಾಡುವ ರೂಢಿ ಬಂದಿದೆ. ಇದು ಯುಕ್ತವಲ್ಲ. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮಪ್ರಭುಗಳ ಗುಹೇಶ್ವರ, ಅಕ್ಕಮಹಾದೇವಿಯವರ ಚೆನ್ನಮಲ್ಲಿಕಾರ್ಜುನ – ಇವು ಕೇವಲ ಕರ್ತೃವಿನ ಗುರುತುಗಳಲ್ಲ. ಬಹುಸಂಖ್ಯೆಯ ವಚನಗಳಲ್ಲಿ ಅಂಕಿತವು ಸಂಬೋಧನೆಯಾಗಿ, ಕರ್ತೃಪದವಾಗಿ ಅಥವಾ ವಿಭಕ್ತಿಪ್ರತ್ಯಯ ಹೊತ್ತ ಪದವಾಗಿ ಹಿಂದಿನ ವಾಕ್ಯದೊಡನೆ ಬೆಸೆದಿರುತ್ತದೆ. ಅದನ್ನು ಬೇರ್ಪಡಿಸಿದರೆ ವಾಕ್ಯದ ಕೊರಳನ್ನೇ ಕತ್ತರಿಸಿದಂತೆ. ಅಂಕಿತವು ಪಾಠದ ಅಕ್ಷರದಲ್ಲಿಯೇ, ಪಾಠದ ಸಾಲಿನಲ್ಲಿಯೇ ಇರಲಿ. ಯಾವ ಕಾರಣಕ್ಕೂ ಅದೊಂದೇ ಮುಂದಿನ ಪುಟಕ್ಕೆ ಹೋಗಬಾರದು. ಎಂಟು ಹತ್ತು ಸಾಲಿನ ವಚನವನ್ನು ಎರಡು ಪುಟಗಳಿಗೆ ಹಂಚುವುದಕ್ಕಿಂತ, ಪುಟದ ತಳದಲ್ಲಿ ಬರಿಯ ಬಿಳಿಜಾಗ ಬಿಡುವುದು ಮೇಲು. ಕಾಗದ ವ್ಯರ್ಥವಾಯಿತೆಂದು ಚಿಂತಿಸಬೇಕಾಗಿಲ್ಲ. ಓದುವವರ ಮನಸ್ಸಿಗೂ ನಿಲ್ಲಲು ಒಂದಿಷ್ಟು ಎಡೆ ಬೇಕು.

ಮೂರನೆಯದು, ಅಕ್ಷರದ ಅಳತೆ ಮತ್ತು ಸಾಲಿನ ಅಂತರ. ಇಂಗ್ಲಿಷ್ ಪುಸ್ತಕಗಳ ಲೆಕ್ಕ ನಮಗೆ ಸಲ್ಲದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ತಲಕಟ್ಟುಗಳು ಮೇಲೇರುತ್ತವೆ. ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದಗಳಲ್ಲಿ ಎರಡೆರಡು ಒತ್ತುಗಳು ಕೂಡುತ್ತವೆ. 12 ಪಾಯಿಂಟಿನ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 18 ಪಾಯಿಂಟಿನಷ್ಟು ಅಂತರವಿದ್ದರೆ ಕಣ್ಣಿಗೆ ಹಿತ. ಹಿರಿಯರಿಗಾಗಿಯೇ ಮಾಡುವ ಪುಸ್ತಕವಾದರೆ 14ಕ್ಕೆ 21 ಇರಲಿ. ಅರ್ಥ, ಟಿಪ್ಪಣಿಗಳು 10 ಪಾಯಿಂಟಿಗಿಂತ ಕೆಳಗಿಳಿಯಬಾರದು. ಓರೆ ಅಕ್ಷರವು ಕನ್ನಡದ ಸಂಪ್ರದಾಯವಲ್ಲ. ದುಂಡನೆಯ ನಮ್ಮ ಅಕ್ಷರಗಳನ್ನು ಯಂತ್ರದಿಂದ ಬಾಗಿಸಿದರೆ ಅವು ಬಿದ್ದಂತೆ ಕಾಣುತ್ತವೆ. ಭೇದ ತೋರಬೇಕಾದಲ್ಲಿ ಅಳತೆಯಿಂದಲೋ ಜಾಗದಿಂದಲೋ ತೋರಿಸಬೇಕು.

ಪುಟದ ಆಕಾರಕ್ಕೆ ನಮ್ಮ ಮುದ್ರಣಾಲಯಗಳಲ್ಲಿ ಬಳಕೆಯಲ್ಲಿರುವ ಡೆಮಿ 1/8, ಎಂದರೆ ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ, ತಕ್ಕುದಾಗಿದೆ. ಒಟ್ಟು ಪುಟಗಳು ಹದಿನಾರರ ಮಡಿಕೆಯಲ್ಲಿ, ಕಡೆಯಪಕ್ಷ ಎಂಟರ ಮಡಿಕೆಯಲ್ಲಿ ಬರುವಂತೆ ಮೊದಲೇ ನೋಡಿಕೊಂಡರೆ ಕಾಗದವೂ ಹಣವೂ ಉಳಿಯುತ್ತವೆ. ಹೊಲಿಗೆಯ ಕಡೆಯ ಅಂಚನ್ನು ಅಗಲವಾಗಿ ಬಿಡುವುದನ್ನು ಮರೆಯಬಾರದು. ಅಂಚು ಕಿರಿದಾದರೆ ಓದುವವರು ಪುಸ್ತಕವನ್ನು ಬಲವಂತವಾಗಿ ಬಿಡಿಸಬೇಕಾಗುತ್ತದೆ. ಕೆಲವೇ ದಿನಗಳಲ್ಲಿ ಹಾಳೆಗಳು ಕಿತ್ತು ಬರುತ್ತವೆ.

ಸ್ಕ್ರೈಬಸ್‌ನಲ್ಲಿ

ಸ್ಕ್ರೈಬಸ್ ತಂತ್ರಾಂಶವು ಹಣವಿಲ್ಲದೆ ದೊರೆಯುತ್ತದೆ. ಬಹುಕಾಲ ಅದರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ. 2017ರ 1.5.3 ಆವೃತ್ತಿಯಿಂದ ಆ ಕೊರತೆ ನೀಗತೊಡಗಿತು; 2024ರ ಆರಂಭದಲ್ಲಿ ಬಂದ 1.6 ಆವೃತ್ತಿಯನ್ನಾಗಲಿ ಅನಂತರದ್ದನ್ನಾಗಲಿ ಬಳಸುವುದು ಒಳ್ಳೆಯದು.

ಹೊಸ ಕಡತ ತೆರೆದಾಗ ಪುಟದ ಅಳತೆ, ಎದುರುಬದುರು ಪುಟಗಳ ಏರ್ಪಾಡು, ಅಂಚುಗಳು – ಇವನ್ನು ಕೇಳುತ್ತದೆ. ಇವನ್ನು ಕೊಟ್ಟ ಕೂಡಲೇ ಅಕ್ಷರ ಸುರಿಯಲು ಆತುರಪಡಬಾರದು. ಮೊದಲು ‘ಮಾಸ್ಟರ್ ಪುಟ’ವನ್ನು ರಚಿಸಬೇಕು. ಎಲ್ಲ ಪುಟಗಳಲ್ಲಿಯೂ ಮರುಕಳಿಸುವ ಪುಟಸಂಖ್ಯೆ, ಮೇಲ್ತುದಿಯ ಗ್ರಂಥನಾಮ ಮುಂತಾದವು ಇಲ್ಲಿರುತ್ತವೆ. ಎಡಪುಟಕ್ಕೊಂದು, ಬಲಪುಟಕ್ಕೊಂದು ಮಾಡಿಕೊಂಡರೆ ಪುಟಸಂಖ್ಯೆಗಳು ಹೊರ ಅಂಚಿನಲ್ಲಿ ನಿಲ್ಲುತ್ತವೆ. ಅನಂತರ ಆಧಾರ ಗೆರೆಗಳ ಜಾಲವನ್ನು 18 ಪಾಯಿಂಟಿಗೆ ಗೊತ್ತುಪಡಿಸಬೇಕು. ರಂಗೋಲಿಗೆ ಮೊದಲು ಚುಕ್ಕಿ ಇಡುವಂತೆ ಇದು. ಚುಕ್ಕಿ ಸರಿಯಿದ್ದರೆ ಎಳೆ ತಪ್ಪದು. ಜಾಲ ಸರಿಯಿದ್ದರೆ ಎಡಪುಟದ ಸಾಲೂ ಬಲಪುಟದ ಸಾಲೂ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ, ತೆಳುಕಾಗದದ ಹಿಂದಿನ ಅಕ್ಷರ ಮುಂದಿನ ಸಾಲುಗಳ ನಡುವೆ ಇಣುಕುವುದಿಲ್ಲ.

ಆಮೇಲೆ ಶೈಲಿಗಳು. ‘ವಚನ’ ಎಂಬ ಹೆಸರಿನ ಪ್ಯಾರಾ ಶೈಲಿಯೊಂದನ್ನು ಮಾಡಿ, ಅದರಲ್ಲಿ ಅಕ್ಷರ, ಅಳತೆ, ಎಡಸಾಲು, ಇಳಿದ ಭಾಗದ ಒಳಸರಿತ ಎಲ್ಲವನ್ನೂ ನಮೂದಿಸಬೇಕು. ವಚನದ ಪ್ರತಿಯೊಂದು ಸಾಲನ್ನೂ ಬೇರೆ ಪ್ಯಾರಾ ಆಗಿ ಬೆರಳಚ್ಚು ಮಾಡಿದರೆ ಒಳಸರಿತ ಸರಿಯಾಗಿ ಬರುತ್ತದೆ. ಆಗ ಸಾಲುಗಳು ಚದುರದಿರಲು ‘ಮುಂದಿನ ಪ್ಯಾರಾದೊಡನೆ ಇರಲಿ’ ಎಂಬ ಸೂಚನೆಯನ್ನು ಶೈಲಿಯಲ್ಲಿ ಸೇರಿಸಬೇಕು. ಕೊನೆಯ ಸಾಲಿಗೆ ಮಾತ್ರ, ಆ ಸೂಚನೆಯಿಲ್ಲದ, ಕೆಳಗೆ ತುಸು ಜಾಗ ಬಿಡುವ ‘ವಚನಾಂತ್ಯ’ ಎಂಬ ಇನ್ನೊಂದು ಶೈಲಿ. ಈ ಎರಡು ಹೆಸರುಗಳಿಂದ ಅಂಕಿತವು ಒಂಟಿಯಾಗುವ ದೋಷ ತಪ್ಪುತ್ತದೆ.

ಕೆಲಸ ಮುಗಿದ ಮೇಲೆ ಪಿ.ಡಿ.ಎಫ್. ಮಾಡುವ ಮುನ್ನ ತಂತ್ರಾಂಶವೇ ಕಡತವನ್ನು ಪರೀಕ್ಷಿಸಿ, ಚೌಕಟ್ಟಿಗೆ ಮೀರಿ ಉಳಿದ ಅಕ್ಷರ, ಕಾಣೆಯಾದ ಚಿತ್ರ ಇವುಗಳ ಪಟ್ಟಿ ಕೊಡುತ್ತದೆ. ಅದನ್ನು ಅಲಕ್ಷಿಸಬಾರದು. ಅಕ್ಷರರೂಪಗಳನ್ನು ಪಿ.ಡಿ.ಎಫ್.ನ ಒಳಗೇ ಅಡಕಗೊಳಿಸಿದರೆ ಮುದ್ರಣಾಲಯದ ಗಣಕದಲ್ಲಿ ಅವು ಬದಲಾಗುವ ಭಯವಿಲ್ಲ.

ಲಿಕ್ಸ್‌ನಲ್ಲಿ

ಚಿತ್ರಗಳಿಲ್ಲದ, ವಚನ ಮತ್ತು ಭಾವಾರ್ಥಗಳೇ ತುಂಬಿರುವ ದೊಡ್ಡ ಗ್ರಂಥಕ್ಕೆ ಲಿಕ್ಸ್ ಲೇಸು. ಇದರ ದಾಖಲೆ ಸಂಯೋಜನೆಯ ಕಿಟಕಿಯಲ್ಲಿ ಪುಟದ ಅಳತೆ, ಅಂಚು, ಅಕ್ಷರ ಎಲ್ಲವನ್ನೂ ಗುಂಡಿಗಳಿಂದಲೇ ಆರಿಸಬಹುದು. ಕನ್ನಡಕ್ಕಾಗಿ ‘ಟೆಕ್‌ಗೆ ಹೊರತಾದ ಅಕ್ಷರಗಳನ್ನು ಬಳಸು’ ಎಂಬುದಕ್ಕೆ ಗುರುತು ಹಾಕಿ, ಝೀಟೆಕ್ ಅಥವಾ ಲುವಾಟೆಕ್ ಮೂಲಕ ಪಿ.ಡಿ.ಎಫ್. ತೆಗೆಯಬೇಕು. ಆಗ ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಮೊದಲಾಗಿ ಉಚಿತವಾಗಿ ದೊರೆಯುವ ಯೂನಿಕೋಡ್ ಅಕ್ಷರಗಳನ್ನು ಬಳಸಬಹುದು.

ಹೊಸ ಶೈಲಿಯನ್ನು ಸೇರಿಸಲು ಅದೇ ಕಿಟಕಿಯಲ್ಲಿ ‘ಲೋಕಲ್ ಲೇಔಟ್’ ಎಂಬ ಜಾಗವಿದೆ. ಅಲ್ಲಿ ನಾಲ್ಕಾರು ಸಾಲುಗಳ ಸೂಚನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಗುತ್ತದೆ: ಶೈಲಿಯ ಹೆಸರು, ಅದು ಈಗಾಗಲೇ ಇರುವ ‘ಪದ್ಯ’ ಶೈಲಿಯ ನಕಲೆಂಬ ಮಾತು, ಬದಲಾಗಬೇಕಾದ ಒಂದೆರಡು ಅಂಶಗಳು, ಮುಕ್ತಾಯ. ಬರೆದದ್ದು ಸರಿಯೋ ತಪ್ಪೋ ಎಂಬುದನ್ನು ಪಕ್ಕದ ಗುಂಡಿಯೊತ್ತಿ ಪರೀಕ್ಷಿಸಬಹುದು. ಇಲ್ಲೊಂದು ಸೂಕ್ಷ್ಮವನ್ನು ಮನಗಾಣಬೇಕು. ಈ ಸೂಚನೆಯಲ್ಲಿ ಅಕ್ಷರದ ಬಗ್ಗೆ ಹೇಳುವ ಮಾತು ಮುಖ್ಯವಾಗಿ ತೆರೆಯ ಮೇಲಿನ ನೋಟಕ್ಕೆ ಸಂಬಂಧಿಸಿದ್ದು. ಕಾಗದದ ಮೇಲಿನ ರೂಪವನ್ನು ಲೇಟೆಕ್‌ನ ವ್ಯಾಖ್ಯೆ ನಿರ್ಧರಿಸುತ್ತದೆ. ಅದನ್ನು ‘ಪ್ರಿಆಂಬಲ್’ ಎಂಬ ಭಾಗದಲ್ಲಿ ಬರೆಯಬೇಕು. ತೆರೆಯಲ್ಲಿ ಚೆಂದ ಕಂಡಿತೆಂದು ತೃಪ್ತರಾಗದೆ, ಪಿ.ಡಿ.ಎಫ್. ತೆಗೆದು ನೋಡಿದ ಮೇಲೆಯೇ ಮುಂದುವರಿಯಬೇಕು. ಲೇಟೆಕ್‌ನ ಪದ್ಯಶೈಲಿಯಲ್ಲಿ ಇಳಿದ ಸಾಲಿನ ಒಳಸರಿತವು ಮೊದಲೇ ಅಡಕವಾಗಿರುವುದರಿಂದ ನಮ್ಮ ಅರ್ಧ ಕೆಲಸ ತಾನಾಗಿಯೇ ಆಗಿರುತ್ತದೆ.

ಭಾವಾರ್ಥದ ಗದ್ಯದಲ್ಲಿ ಟೆಕ್‌ನ ನಿಜವಾದ ಸಾಮರ್ಥ್ಯ ತಿಳಿಯುತ್ತದೆ. ಸಾಲನ್ನು ಎಲ್ಲಿ ಮುರಿಯಬೇಕೆಂದು ಅದು ಒಂದೊಂದೇ ಸಾಲನ್ನು ನೋಡಿ ನಿರ್ಧರಿಸುವುದಿಲ್ಲ. ಇಡೀ ಪ್ಯಾರಾವನ್ನು ಒಟ್ಟಿಗೆ ತೂಗಿ, ತೆರಪುಗಳು ಎಲ್ಲೆಡೆ ಸಮವಾಗುವಂತೆ ಒಡೆಯುತ್ತದೆ. ಉದ್ದನೆಯ ಕನ್ನಡ ಪದಗಳನ್ನು ಅಕ್ಷರಸಂಧಿಯಲ್ಲಿ ಬಿಡಿಸುವ ನಿಯಮಾವಳಿಯೂ ಟೆಕ್ ವಿತರಣೆಗಳೊಡನೆ ಬರುತ್ತದೆ. ಇದನ್ನು ಗದ್ಯಕ್ಕೆ ಬಳಸಬಹುದು. ವಚನದ ಪಾಠಕ್ಕೆ ಮಾತ್ರ ಬೇಡ. ಶರಣರ ನುಡಿಯ ನಡುವೆ ನಮ್ಮ ಅಡ್ಡಗೆರೆ ಸಲ್ಲದು.

ಸೊನ್ನೆಯೂ ಅನುಸ್ವಾರವೂ

ವಿನ್ಯಾಸಕ್ಕಿಂತ ಗಂಭೀರವಾದ ಒಂದು ವಿಷಯ ಉಳಿದಿದೆ. ಪರಿಚಯದ ಮನೆತನವೊಂದರಲ್ಲಿ ಅಜ್ಜಿಯೊಬ್ಬರು ತಮ್ಮ ತಾಯಿಯಿಂದ ಕೇಳಿ ಕಲಿತ ಸ್ವರವಚನಗಳನ್ನೂ ಜೋಗುಳಗಳನ್ನೂ 1998ರಲ್ಲಿ ಮಕ್ಕಳು ಕೂತು ಬರೆದುಕೊಂಡು, ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿ, ಇನ್ನೂರು ಪ್ರತಿ ಹಂಚಿದ್ದರು. ಅಜ್ಜಿ ಲಿಂಗೈಕ್ಯರಾದ ಮೇಲೆ, ಮೊಮ್ಮಕ್ಕಳು ಮರುಮುದ್ರಣಕ್ಕೆಂದು ಜೋಪಾನವಾಗಿಟ್ಟಿದ್ದ ಕಡತವನ್ನು ಹೊಸ ಗಣಕದಲ್ಲಿ ತೆರೆದಾಗ, ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲವಷ್ಟೇ ಕಂಡಿತು. ಮನೆಯಲ್ಲಿ ಉಳಿದಿದ್ದ ಒಂದೇ ಪ್ರತಿಯ ನಡುವಿನ ಎಂಟು ಪುಟ ಇರಲಿಲ್ಲ.

ಇದಕ್ಕೆ ಕಾರಣವಿದೆ. ಆ ಕಾಲದ ಕನ್ನಡ ಅಕ್ಷರಗಳು ಇಂಗ್ಲಿಷಿನ ಸಂಕೇತಗಳ ಮೇಲೆ ಕನ್ನಡದ ತುಣುಕುಗಳನ್ನು ಹೊದಿಸಿ ಮಾಡಿದಂಥವು. ಆ ಅಕ್ಷರರೂಪ ಇಲ್ಲವಾದರೆ ಕಡತ ಅರ್ಥಹೀನ. ಯೂನಿಕೋಡ್‌ನಲ್ಲಿ ಹಾಗಲ್ಲ, 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಹಳಗನ್ನಡದ ಱ, ೞ ಗಳಿಗೂ ಅದರಲ್ಲಿ ಸ್ಥಾನವಿದೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಸಾಧನಗಳು ಇವೆ. ಆ ಮನೆತನದವರೂ ಅಂತಹುದೊಂದರಿಂದ ಬಹುಭಾಗವನ್ನು ಮರಳಿ ಪಡೆದರು. ಆದರೆ ತಿರುಗಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ದೀರ್ಘಗಳನ್ನು ಒಂದೊಂದಾಗಿ ಮೂಲದೊಡನೆ ಹೋಲಿಸಿ ನೋಡಲೇಬೇಕು.

ಬೆರಳಚ್ಚಿನಲ್ಲಿ ಪದೇ ಪದೇ ಆಗುವ ಒಂದು ಲೋಪವನ್ನು ಇಲ್ಲಿ ಎತ್ತಿ ಹೇಳಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತುವುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ‘ಲಿಂಗ’, ‘ಜಂಗಮ’, ‘ಸಂಗಮ’ ಈ ಪದಗಳಲ್ಲಿ ಸೊನ್ನೆ ಸೇರಿದರೆ, ಮುಂದೆಂದೋ ಒಬ್ಬ ವಿದ್ಯಾರ್ಥಿ ಆ ಗ್ರಂಥದಲ್ಲಿ ‘ಲಿಂಗ’ ಎಂಬ ಪದವನ್ನು ಹುಡುಕಿದಾಗ ಅದು ದೊರೆಯುವುದೇ ಇಲ್ಲ. ಪುಟದ ಮೇಲೆ ಇದ್ದೂ ಹುಡುಕುವವನಿಗೆ ಇಲ್ಲವಾಗುತ್ತದೆ. ಅಚ್ಚಿಗೆ ಮೊದಲು ಇಡೀ ಕಡತದಲ್ಲಿ ಸೊನ್ನೆಯನ್ನು ಹುಡುಕಿ, ಅಂಕಿಯಲ್ಲದ ಕಡೆಗಳಲ್ಲೆಲ್ಲ ಅನುಸ್ವಾರವಾಗಿ ಬದಲಿಸುವುದು ಕೆಲವೇ ನಿಮಿಷಗಳ ಕೆಲಸ.

ಮನೆಮಂದಿಯ ಪಾಲು

ಗಣಕವೆಂದರೆ ಮಠಮಾನ್ಯಗಳಿಗೆ ದೂರದ ವಸ್ತುವೆಂದು ಭಾವಿಸಬೇಕಾಗಿಲ್ಲ. ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನು ಕುರಿತು ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶವನ್ನೇ ರೂಪಿಸಿದ್ದಾರೆ. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಸಾವಿರಾರು ವಚನಗಳು ಯೂನಿಕೋಡ್ ರೂಪದಲ್ಲಿ ಹುಡುಕಿ ಓದಲು ದೊರೆಯುತ್ತಿವೆ. ಹೀಗಿರುವಾಗ ನಮ್ಮ ಮನೆಯ ಒಂದು ಕಿರುಹೊತ್ತಿಗೆಯನ್ನು ನಾವೇ ಕಟ್ಟುವುದು ಅಸಾಧ್ಯವಲ್ಲ.

ಕೆಲಸವನ್ನು ಹಂಚಿಕೊಳ್ಳಿರಿ. ತರುಣರು ಬೆರಳಚ್ಚು, ವಿನ್ಯಾಸ ನೋಡಿಕೊಳ್ಳಲಿ. ಪಾಠವನ್ನು ಪ್ರಮಾಣ ಗ್ರಂಥದೊಡನೆ ಹೋಲಿಸುವ ಹೊಣೆಯನ್ನು ಓದು ಬಲ್ಲ ಹಿರಿಯರು ಹೊರಲಿ. ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕರಡಿನಲ್ಲಿ ಬೆರಳಿಟ್ಟು ಸಾಗುವ ಹಳೆಯ ಪದ್ಧತಿಗಿಂತ ಉತ್ತಮವಾದುದು ಇಂದಿಗೂ ಇಲ್ಲ. ಅಚ್ಚಿಗೆ ಕೊಡುವ ಮೊದಲು ಎರಡು ಪುಟಗಳನ್ನು ಕಾಗದದ ಮೇಲೆ ತೆಗೆದು, ಮನೆಯ ಅತ್ಯಂತ ಹಿರಿಯರ ಕೈಗೆ ಸಂಜೆಯ ಬೆಳಕಿನಲ್ಲಿ ಕೊಡಿರಿ. ಅವರು ತಡವರಿಸದೆ ಓದಿದರೆ ವಿನ್ಯಾಸ ಸರಿಯಾಗಿದೆ. ತಡವರಿಸಿದರೆ ಅಕ್ಷರ ಹಿಗ್ಗಿಸಿರಿ, ಪುಟ ಹೆಚ್ಚಿಸಿರಿ. ವಚನಗಳ ಸಂಖ್ಯೆ ಕಡಮೆಯಾದರೂ ಚಿಂತೆಯಿಲ್ಲ. ಓದಿಸಿಕೊಳ್ಳುವ ಐವತ್ತು ವಚನಗಳು ಓದಿಸಿಕೊಳ್ಳದ ಇನ್ನೂರಕ್ಕಿಂತ ಮೇಲು.

ಪುಸ್ತಕ ಬಂದ ಮೇಲೆ ಮೂಲ ಕಡತ, ಅದರಲ್ಲಿ ಬಳಸಿದ ಅಕ್ಷರರೂಪ, ಪಿ.ಡಿ.ಎಫ್. ಮತ್ತು ಬರಿಯ ಅಕ್ಷರಗಳ ಯೂನಿಕೋಡ್ ಪ್ರತಿ – ಈ ನಾಲ್ಕನ್ನೂ ಎರಡು ಬೇರೆ ಬೇರೆ ಮನೆಗಳಲ್ಲಿ ಕಾಪಾಡಿರಿ. ಅಚ್ಚಾದ ಐದು ಪ್ರತಿಗಳನ್ನು ಯಾರಿಗೂ ಕೊಡದೆ ತೆಗೆದಿಡಿರಿ. ಓಲೆಯ ಕಟ್ಟುಗಳನ್ನು ನಮ್ಮ ಹಿರಿಯರು ಜಂತಿಯ ಮೇಲೆ, ಅಟ್ಟದ ಮೇಲೆ ಕಟ್ಟಿಟ್ಟು ಕಾದಿದ್ದರಿಂದಲೇ ಹಳಕಟ್ಟಿಯವರ ಕೈಗೆ ಅವು ದೊರೆತವು. ನಮ್ಮ ಕಾಲದ ಕಟ್ಟುಗಳನ್ನು ಕಾಯುವವರು ನಾವೇ.

ಮುಂದಿನ ತಿಂಗಳು, ಮನೆಯಲ್ಲಿರುವ ಹಳೆಯ ಪುಸ್ತಕ, ಪತ್ರಗಳನ್ನು ಸ್ಕ್ಯಾನ್ ಮಾಡಿ ಉಳಿಸಿಕೊಳ್ಳುವ ಬಗೆಯನ್ನು ವಿಚಾರ ಮಾಡೋಣ.